ಮುದ್ದತು ಮೀರಿದ ಅಪೀಲು

ಕಳೆದ ವಾರ ಕೊಪ್ಪಳದ ಕೋರ್ಟಿನಲ್ಲಿ ಬೇರೊಂದು ಕೇಸಿನ ತೀರ್ಪಿನ ನಕಲು ಕೈಗೆ ಬಂದಾಗ ಸೀಲಿನ ಮಸಿ ಇನ್ನೂ ಆರಿರಲಿಲ್ಲ. ಆ ಹಸಿ ಮಸಿಯ ವಾಸನೆಗೆ ನನ್ನ ಸೀನಿಯರ್ ನೆನಪಾದರು...

ಕಾನೂನು ಓದು ಮುಗಿಸಿ ಬಂದ ಹುಡುಗಿ ನಾನು, ಕುಷ್ಟಗಿಯಲ್ಲಿ ಆರು ವರ್ಷ ಅವರ ಕೈಕೆಳಗೆ ಕೆಲಸ ಕಲಿತೆ. ಅಪೀಲು ಬರೆಯುವುದರಲ್ಲಿ ಅವರದು ದೊಡ್ಡ ಹೆಸರು. ಬರೆಯಲು ಕೂರುವ ಮೊದಲು ಕೆಳಗಿನ ಕೋರ್ಟಿನ ತೀರ್ಪನ್ನು ಎರಡು ಸಲ ಓದಿಸುತ್ತಿದ್ದರು, ಒಮ್ಮೆ ಸೋತವರ ಕಣ್ಣಿನಿಂದ, ಮತ್ತೊಮ್ಮೆ ಗೆದ್ದವರ ಕಣ್ಣಿನಿಂದ. ತಪ್ಪು ಎಲ್ಲಾಗಿದೆ ಎಂಬುದನ್ನು ಸಾಕ್ಷಿಯ ಪುಟಸಂಖ್ಯೆ ಸಮೇತ ತೋರಿಸಬೇಕು, ನ್ಯಾಯಾಧೀಶರನ್ನು ಹಳಿಯಬಾರದು. ಹತ್ತು ಸಡಿಲ ಕಾರಣಗಳಿಗಿಂತ ಮೂರು ಗಟ್ಟಿಯಾದವು ಸಾಕು ಅನ್ನುತ್ತಿದ್ದರು. ಎಲ್ಲಕ್ಕೂ ಮೊದಲು, ಅಪೀಲು ಹಾಕಲು ಇರುವ ಮುದ್ದತನ್ನು ಎಣಿಸಿ ಫೈಲಿನ ಮೇಲೆ ಬರೆಸುತ್ತಿದ್ದರು.

ಆರನೆಯ ವರ್ಷ ಏನೋ ಸರಿಯಿಲ್ಲ ಅನ್ನಿಸತೊಡಗಿತು. ಒಂದೇ ಕಾರಣವನ್ನು ಎರಡು ಕಡೆ ಬರೆದರು. ಒಂದು ದಿನ ವಾದದ ನಡುವೆ ನಿಂತು, ನಾವು ಯಾರ ಪರ ಎಂದು ನನ್ನನ್ನು ಮೆಲ್ಲಗೆ ಕೇಳಿದರು. ಪಕ್ಷಗಾರನ ಹೆಸರು ಹೇಳಿದೆ. ಆ ಸಂಗತಿ ಬೇರೆ ಯಾರಿಗೂ ಹೇಳಲಿಲ್ಲ. ಗುರುವಿನ ಮರ್ಯಾದೆ ಕಾಯುತ್ತಿದ್ದೇನೆ ಅಂದುಕೊಂಡಿದ್ದೆ.

ಆಗಲೇ ಕುಕನೂರಿನ ಹೆಂಗಸೊಬ್ಬಳು ಬಂದಳು. ಗಂಡ ತೀರಿದ ಮೇಲೆ ಹೊಲಿಗೆಯಿಂದ ಬದುಕುತ್ತಿದ್ದಳು. ಅವಳಿದ್ದ ಮನೆ ತನ್ನದೆಂದು ಮೈದುನ ಕೆಳಗಿನ ಕೋರ್ಟಿನಲ್ಲಿ ಗೆದ್ದು ಡಿಕ್ರಿ ಪಡೆದಿದ್ದ. ಅಪೀಲಿಗೆ ಮೂವತ್ತು ದಿನ. ಸೀನಿಯರ್ ತಾವೇ ಕೂತು ಬರೆದರು, ಸೊಗಸಾಗಿ ಬರೆದರು. ಹಾಕಿದಿರಾ ಎಂದು ಕೇಳಿದಾಗಲೆಲ್ಲ ಹಾಕಿದ್ದೇನೆ ಎಂದರು. ನಂಬಿದೆ.

ಒಂದು ಬೆಳಿಗ್ಗೆ ಅವಳ ಫೋನು. ಮನೆ ಬಿಡಿಸಲು ಕೋರ್ಟಿನಿಂದ ನೋಟೀಸು ಬಂದಿತ್ತು. ಕಪಾಟು ತೆಗೆದು ನೋಡಿದೆ. ಅಪೀಲು ಸಹಿ ಸಮೇತ ಅಲ್ಲೇ ಇತ್ತು. ಮುದ್ದತು ಮೀರಿ ನಲವತ್ತೊಂದು ದಿನವಾಗಿತ್ತು.

ಹಾಳೆಗಳನ್ನು ಸೀನಿಯರ್ ಮುಂದಿಟ್ಟೆ. ತಡವನ್ನು ಮನ್ನಿಸಲು ಅರ್ಜಿ ಬರೆ ಅಂದರು. ವಕೀಲರಿಗೆ ಜ್ವರವಿತ್ತು ಎಂದು ಶುರುಮಾಡಿದೆ. ಪೆನ್ನು ಕಸಿದುಕೊಂಡರು.

"ಸುಳ್ಳು ಬರಿಬ್ಯಾಡವಾ. ತಡಾ ಆದ ಒಂದೊಂದ ದಿನಕ್ಕೂ ಕಾರಣ ಹೇಳಬೇಕು. ವಕೀಲಗ ನೆನಪು ಉಳಿದಿಲ್ಲ ಅಂತ ಬರಿ. ನಾನ ಅಫಿಡವಿಟ್ ಮಾಡತೀನಿ."

"ಆಮ್ಯಾಲ ನಿಮ್ಮ ಕಡೆ ಯಾರೂ ಬರಂಗಿಲ್ರಿ, ಸರ್."

"ಬರಬಾರದವಾ."

ಮೇಜಿನ ಖಾನೆಯಿಂದ, ಮರೆವಿನ ಕಾಯಿಲೆ ಎಂದು ಬರೆದಿದ್ದ ಹುಬ್ಬಳ್ಳಿಯ ಡಾಕ್ಟರರ ಚೀಟಿ ತೆಗೆದುಕೊಟ್ಟರು. ಅದು ತಿಂಗಳುಗಳ ಹಿಂದಿನದು. ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು...

ತುಂಬಿದ ಕೋರ್ಟಿನಲ್ಲಿ ಆ ಅಫಿಡವಿಟ್ಟನ್ನು ನಾನೇ ಓದಿದೆ. ಅವರು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ತಡ ಮನ್ನಾ ಆಯಿತು, ತಡೆಯಾಜ್ಞೆ ಸಿಕ್ಕಿತು, ಕೊನೆಗೆ ಅಪೀಲೂ ಗೆದ್ದಿತು. ಹೆಂಗಸಿಗೆ ಮನೆ ಉಳಿಯಿತು. ಅವರು ಮತ್ತೆ ಕರಿಕೋಟು ತೊಡಲಿಲ್ಲ.

ಆಮೇಲೆ ಮರೆವು ಬೇಗ ಬೇಗ ನುಂಗುತ್ತ ಬಂತು. ನೋಡಲು ಹೋದರೆ ನನ್ನ ಗುರುತು ಸಿಗುತ್ತಿರಲಿಲ್ಲ. ಗಾಬರಿಯಿಂದ ಎದ್ದು ಕೂತು ಕೇಳುತ್ತಿದ್ದರು: "ಅಕ್ಕಾರ, ಮುದ್ದತು ಇನ್ನೂ ಐತೇನ್ರಿ?"

ಐತ್ರಿ ಅನ್ನುತ್ತಿದ್ದೆ.

ಅವರು ಹೋಗಿ ಎರಡು ವರ್ಷವಾಯಿತು. ಈಗಲೂ ಅಪೀಲು ಬರೆಯುತ್ತ ಎಲ್ಲಾದರೂ ಸಿಕ್ಕಿಕೊಂಡರೆ, ಕೇಳಲು ಅವರಿಲ್ಲ. ಮೊದಲ ಸಲ ಅವರು ತಡವರಿಸಿದ ದಿನವೇ ನಾನು ಬಾಯಿಬಿಟ್ಟಿದ್ದರೆ, ಅಷ್ಟು ಜನರೆದುರು ಅವರು ಹಾಗೆ ನಿಲ್ಲಬೇಕಿರಲಿಲ್ಲ.