ನಾಲ್ಕು ಗಂಟೆಯ ದಾರಿ

ತಂಗಿ ಮದುವೆಯಾಗಿ ದುಬೈಗೆ ಹೊರಟ ದಿನ ಅವ್ವ ಹೆಮ್ಮಿಗೆಯ ಮನೆಯ ಕಂಬ ಹಿಡಿದುಕೊಂಡು ಅತ್ತಿದ್ದಳು. ಸಮಾಧಾನಕ್ಕೆಂದು ತಂಗಿಯೇ ಹೇಳಿದ ಮಾತು ಅದು. "ವಿಮಾನದಲ್ಲಿ ನಾಕೇ ಗಂಟೆ ಕಣವ್ವ. ಅಕ್ಕ ನಂಜನಗೂಡಿಂದ ಬಸ್ಸು ಬದಲಾಯಿಸ್ಕೊಂಡು ಬರೋದ್ರೊಳಗೆ ನಾನೇ ಬಂದಿರ್ತೀನಿ."

ಅವ್ವ ಆ ಮಾತನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡಳು. ಮಗಳು ಎಷ್ಟು ದೂರ ಎಂದು ಯಾರಾದರೂ ಕೇಳಿದರೆ, "ಹತ್ರನೇ ಕಣ್ರವ್ವ, ನಾಕು ಗಂಟೆ" ಎನ್ನುವಳು. ನನ್ನ ಕಾನ್ವೆಂಟಿನ ದಿನಗಳ ಅಟ್ಲಾಸು ತೆಗೆದು ನಡುವಿನ ಸಮುದ್ರ ತೋರಿಸಿದರೆ, ನೀಲಿಯ ಮೇಲೆ ಅಂಗೈ ಮುಚ್ಚಿ, "ಇಷ್ಟೇಯಾ?" ಎಂದು ನಕ್ಕುಬಿಟ್ಟಳು.

ಅವ್ವ ತೀರಿಕೊಂಡದ್ದು ಒಂದು ಶುಕ್ರವಾರ ಬೆಳಗಿನ ಜಾವ. ಗಂಡನ ಮನೆಯಿಂದ ನಾನು ಓಡಿ ಬಂದೆ. ಫೋನಿನಲ್ಲಿ ತಂಗಿ, "ನಾನು ಬರೋತನಕ ಮಣ್ಣು ಮಾಡ್ಬೇಡಿ ಅಕ್ಕ, ಒಂದ್ಸಲ ಮುಖ ನೋಡ್ಬೇಕು" ಎಂದಳು.

ಜಗಲಿಯಲ್ಲಿದ್ದ ದೊಡ್ಡಪ್ಪ ಲೆಕ್ಕ ಹಾಕಿದರು. "ನಾಕು ಗಂಟೆ ತಾನೆ? ಒತ್ತು ಮುಳುಗೋಕೆ ಮುಂಚೆ ಇಲ್ಲಿರ್ತಾಳೆ. ಕಾಯಣ."

ನಮ್ಮಲ್ಲಿ ಮಲಗಿಸಿ ಮಣ್ಣು ಮಾಡುವುದಿಲ್ಲ. ಅವ್ವನಿಗೆ ಸ್ನಾನ ಮಾಡಿಸಿ, ಚಕ್ಕಳಮಕ್ಕಳ ಹಾಕಿಸಿ, ಗೋಡೆಗೆ ಒರಗಿಸಿ ಕೂರಿಸಿದರು. ಹಣೆ ತುಂಬ ವಿಭೂತಿ, ಅಂಗೈಯಲ್ಲಿ ಲಿಂಗ. ಬಾಗಿಲಿಗೆ ಎದುರಾಗಿ ಕೂತಿದ್ದರಿಂದ ಅವಳೂ ನಮ್ಮ ಜೊತೆ ಕಾಯುತ್ತಿರುವ ಹಾಗಿತ್ತು.

ಆದರೆ ಅಲ್ಲಿ ಶುಕ್ರವಾರ ರಜ. ತಂಗಿಯ ಪಾಸ್‌ಪೋರ್ಟನ್ನೂ ಅವಳ ಗಂಡನ ಆಫೀಸಿನವರೇ ಬೀರುವಿನಲ್ಲಿ ಇಟ್ಟುಕೊಂಡಿದ್ದರು. ಬೀಗದ ಕೈ ಇದ್ದವರು ಊರಲ್ಲಿರಲಿಲ್ಲ. ಮಧ್ಯಾಹ್ನ ಫೋನಿನಲ್ಲಿ ಅಷ್ಟು ಹೇಳಿ ಅವಳು ಸುಮ್ಮನೆ ಅತ್ತಳು.

"ಬೀಗ ಒಡೆಯಕ್ಕೇನು ದಾಡಿ?" ದೊಡ್ಡಪ್ಪ ನನ್ನನ್ನೇ ಗದರಿದರು. "ನಾಕು ಗಂಟೆ ದಾರಿಗೆ ಇಷ್ಟೊತ್ತಾ?"

ಬೇಸಿಗೆ. ಒಲೆ ಹಚ್ಚಿರಲಿಲ್ಲ. ಅವ್ವನ ಕೊರಳಿನ ಮಲ್ಲಿಗೆ ಬಾಡಿತೆಂದು ಬದಲಾಯಿಸಿದೆ, ಅದೂ ಬಾಡಿತು. ಸಂಜೆಗೆ ಮಠದ ಅಯ್ನೋರು ನನ್ನ ಹತ್ತಿರ ಬಂದು ಮೆಲ್ಲಗೆ, "ಇನ್ನು ಇಟ್ಕೊಳ್ಳೋದು ಬ್ಯಾಡ ಕಣವ್ವ" ಎಂದರು. ದೊಡ್ಡಪ್ಪ ಬಾಗಿಲ ಕಡೆಗೊಮ್ಮೆ ನೋಡಿ, ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದರು. ತೋಟದಲ್ಲಿ ಅವ್ವನನ್ನು ಕೂತ ಹಾಗೆಯೇ, ಬಡಗಲಿಗೆ ಮುಖ ಮಾಡಿಸಿ ಗುಣಿಗೆ ಇಳಿಸಿದರು. ಉಪ್ಪು, ವಿಭೂತಿ, ಪತ್ರೆ ಹಾಕಿ ಮಣ್ಣು ಮುಚ್ಚಿದರು.

ತಂಗಿ ಬಂದದ್ದು ಭಾನುವಾರ. ಬ್ಯಾಗಿನ ಹಿಡಿಗೆ ವಿಮಾನದ ಚೀಟಿ ಇನ್ನೂ ಅಂಟಿಕೊಂಡಿತ್ತು. ಮನೆಯೊಳಕ್ಕೆ ಬರದೆ ನೇರ ತೋಟಕ್ಕೆ ನಡೆದಳು. ದೊಡ್ಡಪ್ಪ ಅವಳಿಗೆ ಮುಖ ಕೊಡಲಾರದೆ ಬಾವಿಯ ಕಡೆ ತಿರುಗಿ ನಿಂತರು.

ಮಣ್ಣಿನ ಗುಡ್ಡೆಯ ಹತ್ತಿರ ಬಂದ ತಂಗಿಗೆ ಎಲ್ಲಿ ಕೂರಬೇಕೆಂದು ತಿಳಿಯಲಿಲ್ಲ.

"ಅಕ್ಕ, ಅವ್ವ ಯಾವ ಕಡೆ ಮುಖ ಮಾಡಿ ಕೂತಿದ್ದಾಳೆ?"

ನಾನು ತೋರಿಸಿದೆ. ಚಪ್ಪಲಿ ಬಿಟ್ಟು, ಸುತ್ತಿ ಹೋಗಿ, ಅವ್ವನ ಎದುರಿಗೆ ತಾನೂ ಚಕ್ಕಳಮಕ್ಕಳ ಹಾಕಿ ಕೂತಳು. ಆಮೇಲೆ ಕೆದರಿದ ಕೂದಲನ್ನು ಎರಡೂ ಕೈಯಲ್ಲಿ ಒತ್ತಿ ಸರಿಮಾಡಿಕೊಂಡಳು.