ಐದು ಜನರ ಶಿಫಾರಸು

ನನಗೆ ಸಿಟ್ಟು ಬೇಗ ಬರುತ್ತದೆ. ಬಂದದ್ದು ಬೇಗ ಹೋಗುವುದೂ ಇಲ್ಲ. ಇಲ್ಲಿ ಹೇಳುವ ಸಿಟ್ಟಂತೂ ಎಷ್ಟೋ ವರ್ಷದ್ದು, ಇನ್ನೂ ಆರಿಲ್ಲ.

ಎರಡು ಸಾವಿರದ ಐದೋ ಆರೋ ಇರಬೇಕು. ನೋಯ್ಡಾದ ಕಂಪನಿ ಕೆಲಸ ಬಿಟ್ಟು ದೆಹಲಿಯ ಲಕ್ಷ್ಮೀ ನಗರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಕೆಳಗಿನ ಮಹಡಿಯಲ್ಲಿ ಕೋಚಿಂಗ್ ಕ್ಲಾಸು, ಬೆಳಿಗ್ಗೆ ಏಳಕ್ಕೇ ಮೈಕಿನಲ್ಲಿ ಪಾಠ ಶುರು. ಮೇಲೆ ನಾನೊಬ್ಬಳೇ ಒಂದು ಇಡೀ ಕಂಪನಿ. ನಾನು ಮಾರುತ್ತಿದ್ದದ್ದು ಕ್ಯಾಲೆಂಡರ್. ಗೋಡೆಗೆ ನೇತುಹಾಕುವುದಲ್ಲ ಮಾರಾಯರೇ, ಇದನ್ನು ನಮ್ಮ ಕಾಲೋನಿಯ ಆಂಟಿಯರಿಗೆ ಹೇಳಿ ಹೇಳಿ ನನ್ನ ಬಾಯಿ ಒಣಗಿತ್ತು. ಆಸ್ಪತ್ರೆಗೆ ಸಾಫ್ಟ್‌ವೇರ್ ಬರೆಯುವವನಿಗೆ ಡಾಕ್ಟರ ಅಪಾಯಿಂಟ್‌ಮೆಂಟ್ ತೋರಿಸಲು ಪರದೆಯ ಮೇಲೊಂದು ಕ್ಯಾಲೆಂಡರ್ ಬೇಕಾಗುತ್ತದೆ. ಅದನ್ನು ಅವನೇ ಮೊದಲಿಂದ ಬರೆಯುತ್ತಾ ಕೂರುವ ಬದಲು ನನ್ನ ಕಾಂಪೊನೆಂಟ್ ಕೊಂಡು ತನ್ನ ಪ್ರೋಗ್ರಾಮಿನೊಳಗೆ ಸೇರಿಸಿಕೊಳ್ಳಬಹುದು, ಮನೆ ಕಟ್ಟುವವರು ಕಿಟಕಿಯನ್ನು ರೆಡಿಮೇಡ್ ತಂದು ಕೂರಿಸುವ ಹಾಗೆ.

ಮಾಡುವುದು ಸುಲಭವಿತ್ತು. ಅದು ಇದೆ ಎಂದು ನಾಲ್ಕು ಜನಕ್ಕೆ ತಿಳಿಸುವುದಿತ್ತಲ್ಲ, ಅದು ನನ್ನ ಪ್ರಾಣ ಹಿಂಡಿತು. ಓಖ್ಲಾದಲ್ಲಿ ಬಣ್ಣದ ಕರಪತ್ರ ಅಚ್ಚು ಹಾಕಿಸಿ ಒಂದು ಕಂಪ್ಯೂಟರ್ ಮೇಳದ ಬಾಗಿಲಲ್ಲಿ ಮೂರು ದಿನ ನಿಂತೆ. ತೆಗೆದುಕೊಂಡವರು ಅದರಿಂದಲೇ ಛೋಲೆ ಭಟೂರೆಯ ಎಣ್ಣೆ ಒರೆಸಿಕೊಂಡರು. ಕೊನೆಗೆ ಉಳಿದದ್ದು ಇಂಟರ್ನೆಟ್ಟಿನ ಒಂದು ಫೋರಂ. ಬೇರೆ ಬೇರೆ ದೇಶಗಳ ಪ್ರೋಗ್ರಾಮರ್‌ಗಳು ಅಲ್ಲಿ ತಮ್ಮ ತೊಡಕು ಹೇಳಿಕೊಳ್ಳುತ್ತಿದ್ದರು, ಗೊತ್ತಿದ್ದವರು ಉತ್ತರ ಬರೆಯುತ್ತಿದ್ದರು. ಅಲ್ಲಿ ಜಾಹೀರಾತು ಹಾಕುವ ಹಾಗಿರಲಿಲ್ಲ. ನಾವು ಬರೆದ ಉತ್ತರದ ಕೆಳಗೆ ನಮ್ಮ ವೆಬ್‌ಸೈಟಿನ ವಿಳಾಸದ ಒಂದು ಸಾಲು ಇಟ್ಟುಕೊಳ್ಳಬಹುದಿತ್ತು, ಅಷ್ಟೇ. ಆ ಒಂದು ಸಾಲಿಗಾಗಿ ಎರಡು ವರ್ಷ ಕಂಡವರ ಪ್ರೋಗ್ರಾಮನ್ನೆಲ್ಲ ಬಿಟ್ಟಿಯಾಗಿ ರಿಪೇರಿ ಮಾಡಿದೆ. ನನಗೆ ಬಂದ ಗಿರಾಕಿಗಳೆಲ್ಲ ಆ ಸಾಲನ್ನು ಒತ್ತಿಯೇ ಬಂದವರು.

ಒಂದು ದಿನ ಅಲ್ಲಿಗೆ ಒಂದು ದೊಡ್ಡ ಕಂಪನಿಯವನು ಬಂದ. ತನ್ನ ಪ್ರೋಗ್ರಾಮರ್‌ಗಳಿಗೆಲ್ಲ ನನ್ನ ಕ್ಯಾಲೆಂಡರ್ ಕೊಳ್ಳುವ ಯೋಚನೆಯಿದೆ, ಬಳಸಿದವರು ಯಾರಾದರೂ ಇದ್ದರೆ ಹೇಗಿದೆ ಹೇಳಿ ಎಂದು ಎಲ್ಲರ ಮುಂದೆ ಕೇಳಿದ. ಮಾರುವವಳೇ ಚೆನ್ನಾಗಿದೆ ಎಂದು ಬರೆಯುವಂತಿಲ್ಲ. ಬಳಸಿದವರು ಬರೆಯುತ್ತಾರೆ ಎಂದು ಕಾದೆ. ಮೂರು ದಿನ ಕಾದೆ. ದಿನವೂ ಅದೇ ಫೋರಮ್ಮಿಗೆ ಬಂದು ಹೋಗುತ್ತಿದ್ದ ನನ್ನ ಗಿರಾಕಿಗಳಲ್ಲಿ ಒಬ್ಬನೂ ಬಾಯಿ ಬಿಡಲಿಲ್ಲ. ಮಧ್ಯರಾತ್ರಿ ಎಬ್ಬಿಸಿ ಕೆಲಸ ಮಾಡಿಸಿಕೊಂಡವರು ಇವರು! ಮೈಯೆಲ್ಲ ಉರಿದುಹೋಯಿತು.

ಭಾನುವಾರ ಲೋಧಿ ಕಾಲೋನಿಯ ನಮ್ಮ ಸರ್ಕಾರಿ ಕ್ವಾರ್ಟರ್ಸಿಗೆ ಊಟಕ್ಕೆ ಹೋದಾಗ ಇದನ್ನೆಲ್ಲ ಅಪ್ಪ ಅಮ್ಮನ ಮುಂದೆ ಕಾರಿಕೊಂಡೆ. ಅಪ್ಪ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಸೆಕ್ಷನ್ ಆಫೀಸರು, ನಿವೃತ್ತಿಗೆ ಹತ್ತಿರ ಬಂದಿದ್ದರು. ಸಾರನ್ನ ಕಲಸುತ್ತಾ ಎಲ್ಲ ಕೇಳಿಸಿಕೊಂಡು, "ಅಂದ್ರೆ ನಾಲ್ಕು ಜನ ಚೆನ್ನಾಗಿದೆ ಅಂತ ಬರೀಬೇಕು, ಅಷ್ಟೇ ತಾನೆ? ಆ ಫೋರಮ್ಮಿನ ವಿಳಾಸ ಬರ್ಕೊಡು," ಎಂದರು. ನೋಡುವ ಆಸೆ ಇರಬೇಕು ಪಾಪ ಎಂದುಕೊಂಡು ಬರೆದುಕೊಟ್ಟೆ. ನನ್ನ ಕೈ ಸೇದಿಹೋಗಬಾರದಿತ್ತೇ ಆಗ!

ಅಪ್ಪನಿಗೆ ಗೊತ್ತಿದ್ದದ್ದು ಒಂದೇ ದಾರಿ. ಕ್ವಾರ್ಟರ್ಸಿಗೆ ಸುಣ್ಣ ಬಳಿಸಬೇಕೇ, ನಲ್ಲಿಯಲ್ಲಿ ನೀರು ಬರಲಿಲ್ಲವೇ, ಅಪ್ಪ ಒಂದು ಮನವಿ ಡ್ರಾಫ್ಟ್ ಮಾಡುತ್ತಿದ್ದರು. ಅಕ್ಕಪಕ್ಕದವರು ಅದೇ ಒಕ್ಕಣೆಗೆ ತಮ್ಮ ತಮ್ಮ ಹೆಸರು ಹಾಕಿ ಕೊಡುತ್ತಿದ್ದರು. ಒಬ್ಬನ ಅರ್ಜಿಯಲ್ಲಿ ಒಂದು ಮಾತು ಹೆಚ್ಚುಕಡಿಮೆಯಾದರೂ ಮೇಲಿನವರು ಸ್ಪಷ್ಟೀಕರಣ ಕೇಳಿ ಫೈಲು ವಾಪಸು ಕಳಿಸುತ್ತಾರೆ. ಆದ್ದರಿಂದ ಎಲ್ಲರದೂ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು, ಆಗಲೇ ಅದಕ್ಕೆ ತೂಕ. ಮೂವತ್ತೈದು ವರ್ಷ ಅವರು ಮಾಡಿದ್ದು ಇದನ್ನೇ, ಗೆದ್ದದ್ದೂ ಹೀಗೆಯೇ.

ಮಂಗಳವಾರ ಸಂಜೆ ಫೋರಂ ತೆರೆದೆ. ಆ ಕಂಪನಿಯವನ ಪ್ರಶ್ನೆಯ ಕೆಳಗೆ ಐದು ಉತ್ತರ. ಐದೂ ಇಂಗ್ಲಿಷಿನಲ್ಲಿ, ಐದೂ ಒಂದೇ. ಕನ್ನಡಕ್ಕೆ ತಂದರೆ ಹೀಗೆ: "ಈ ಮೂಲಕ ತಿಳಿಯಪಡಿಸುವುದೇನೆಂದರೆ, ಸದರಿ ಕ್ಯಾಲೆಂಡರನ್ನು ಕೆಳಗೆ ಸಹಿ ಮಾಡಿರುವ ನಾನು ಪರಿಶೀಲಿಸಿದ್ದು, ಎಲ್ಲ ರೀತಿಯಿಂದಲೂ ತೃಪ್ತಿಕರವಾಗಿರುವುದು ಕಂಡುಬಂದಿರುತ್ತದೆ. ಖರೀದಿಯ ಬಗ್ಗೆ ಅನುಕೂಲಕರ ತೀರ್ಮಾನ ಕೈಗೊಳ್ಳಬಹುದಾಗಿದೆ." ಒಂದರ ಕೆಳಗೆ ಅಪ್ಪನ ಪೂರ್ತಿ ಹೆಸರು, ಹುದ್ದೆ ಸಮೇತ. ಉಳಿದ ನಾಲ್ಕರ ಕೆಳಗೆ ಅಪ್ಪನ ಕಚೇರಿಯವರೇ ಆದ ಅಕ್ಕಪಕ್ಕದ ಕ್ವಾರ್ಟರ್ಸಿನವರ, ನಾನು ಚಿಕ್ಕಂದಿನಿಂದ ಅಂಕಲ್ ಅಂಕಲ್ ಎಂದು ಕರೆದವರ ಹೆಸರು. ಅಷ್ಟನ್ನೂ ಸೆಕ್ಷನ್ನಿನ ಒಂದೇ ಕಂಪ್ಯೂಟರಿನಿಂದ, ಮಧ್ಯಾಹ್ನದ ಊಟದ ಬಿಡುವಿನಲ್ಲಿ ಸರದಿಯಲ್ಲಿ ಕೂತು ಹಾಕಿದ್ದರು.

ಇನ್ನೇನು ಬೇಕು? ಒಂದೇ ಯಂತ್ರದಿಂದ ಒಂದೇ ಮಾತು ಐದು ಸಲ ಬಂದರೆ ಆ ಲೋಕದಲ್ಲಿ ಅದಕ್ಕೆ ಮೋಸ ಎಂದೇ ಅರ್ಥ. ಫೋರಮ್ಮಿನ ಉಸ್ತುವಾರಿ ನೋಡುತ್ತಿದ್ದ ಮಾಡರೇಟರ್ ಐದೂ ಒಂದೇ ಕಡೆಯಿಂದ ಬಂದದ್ದನ್ನು ಪತ್ತೆ ಹಚ್ಚಿ, ನಾನೇ ಮಾಡಿಸಿದ್ದೆಂದು ಸಾರ್ವಜನಿಕವಾಗಿ ಬರೆದ. ನನ್ನ ಖಾತೆ ಮುಚ್ಚಿದ. ಎರಡು ವರ್ಷದ ಉತ್ತರಗಳ ಕೆಳಗಿದ್ದ ನನ್ನ ಸಾಲನ್ನು ಒಂದೂ ಬಿಡದೆ ಅಳಿಸಿದ. ಕಂಪನಿಯವನು ಥ್ಯಾಂಕ್ಸ್ ಹೇಳಿ ಜಾಗ ಖಾಲಿ ಮಾಡಿದ. ಮೂರು ದಿನ ತುಟಿ ಬಿಚ್ಚದಿದ್ದ ನನ್ನ ಗಿರಾಕಿಗಳು ಆಗ ಬಂದರು ನೋಡಿ, ನಗುವುದಕ್ಕೆ! ಸದರಿ ಕ್ಯಾಲೆಂಡರ್ ಎಂದು ಒಬ್ಬ ಅಣಕಿಸಿದರೆ ಇನ್ನೊಬ್ಬ ತೃಪ್ತಿಕರ ಎಂದು ಅಣಕಿಸಿದ. ಹಾಳಾದವರು.

ಮರುದಿನ ಸಂಜೆ ಬಸ್ಸು ಹಿಡಿದು ಸೀದಾ ಲೋಧಿ ಕಾಲೋನಿಗೆ ಹೋದೆ. ಚಪ್ಪಲಿ ಕೂಡ ಬಿಡಲಿಲ್ಲ.

"ಯಾರನ್ನ ಕೇಳಿ ಮಾಡಿದ್ರಿ ಅಪ್ಪಾ? ಇದೇನು ನಲ್ಲಿ ನೀರಿನ ಅರ್ಜಿ ಅಂದ್ಕೊಂಡ್ರಾ? ನಾನು ಎರಡು ವರ್ಷ ಕಷ್ಟಪಟ್ಟು ಕಟ್ಟಿದ್ದನ್ನ ಒಂದು ಮಧ್ಯಾಹ್ನದಲ್ಲಿ ಮಣ್ಣು ಮಾಡಿದ್ರಿ!"

"ಮೆಲ್ಲಗೆ ಮಾತಾಡೇ, ಪಕ್ಕದವರಿಗೆ ಕೇಳ್ಸುತ್ತೆ," ಎಂದರು ಅಮ್ಮ.

"ಕೇಳಲಿ! ಅವರೂ ಸೈನ್ ಮಾಡಿದ್ದಾರಲ್ಲ!"

ಅಪ್ಪ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಅಲ್ಲ ಕಣಮ್ಮಾ, ನಾವು ಹೆಸರು ಮುಚ್ಚಿಟ್ಟಿಲ್ಲ. ನಿನ್ನ ಸೈಟಿಂದ ಬಿಟ್ಟಿ ಟ್ರಯಲ್ ಇಳಿಸ್ಕೊಂಡು ಎಲ್ಲರೂ ನೋಡಿದ್ವಿ. ಗೆಜೆಟೆಡ್ ರಜಾ ಎಲ್ಲಾ ಸರಿಯಾಗಿ ತೋರಿಸ್ತು. ಇದರಲ್ಲಿ ಸುಳ್ಳೇನು ಬಂತು?"

ಎದುರಿನವರ ಮಾತು ಸರಿ ಇದ್ದಾಗ ನನ್ನ ದನಿ ಇನ್ನೂ ಏರುತ್ತದೆ. ನಿಮಗೆ ಗೊತ್ತಿಲ್ಲದ ವಿಷಯಕ್ಕೆ ಮೂಗು ತೂರಿಸಬೇಡಿ, ನಿಮ್ಮ ಗುಮಾಸ್ತಗಿರಿ ನಿಮ್ಮ ಕಚೇರಿಯಲ್ಲೇ ಇರಲಿ ಎಂದೆ. ಗುಮಾಸ್ತರಾಗಿ ಸೇರಿ ಒಂದೊಂದೇ ಮೆಟ್ಟಿಲು ಹತ್ತಿ ಬಂದವರಿಗೆ ಈ ಮಾತು. ಊಟ ಮಾಡದೆ ಹೊರಟುಬಂದೆ.

ಮಾಡರೇಟರಿಗೆ ಪತ್ರ ಬರೆದೆ, ಇದನ್ನು ನಾನು ಮಾಡಿಸಿಲ್ಲ ಎಂದು. ಎರಡು ವಾರ ಉತ್ತರವಿಲ್ಲ. ಆ ಎರಡು ವಾರದಲ್ಲಿ ಒಬ್ಬ ಹೊಸ ಗಿರಾಕಿಯೂ ನನ್ನ ಸೈಟಿಗೆ ಬರಲಿಲ್ಲ. ಕೋಣೆ ಖಾಲಿ ಮಾಡಿ ಮತ್ತೆ ನೋಯ್ಡಾದಲ್ಲಿ ಕೆಲಸಕ್ಕೆ ಅರ್ಜಿ ಹಾಕುವುದೇ ಸರಿ ಎನ್ನುವಷ್ಟರಲ್ಲಿ ಅವನ ಉತ್ತರ ಬಂತು. ನಿನ್ನ ಹಳೆಯ ಉತ್ತರಗಳು ಒಳ್ಳೆಯವು, ಇನ್ನೊಂದು ಅವಕಾಶ ಕೊಡಬಹುದು. ಆದರೆ ಈ ಐವರು ಯಾರು, ನಿನಗೂ ಅವರಿಗೂ ಏನು ಸಂಬಂಧ, ಬರೆದು ಕಳಿಸು, ಫೋರಮ್ಮಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕುತ್ತೇನೆ.

ನಿಜ ಬರೆಯಬಹುದಿತ್ತು. ಒಬ್ಬರು ನನ್ನ ಅಪ್ಪ, ಉಳಿದವರು ನನ್ನನ್ನು ಎತ್ತಿ ಆಡಿಸಿದವರು, ನನ್ನನ್ನು ಕೇಳದೆ ಮಾಡಿದರು ಎಂದು. ಬರೆಯಲು ಕೂತೆ. ಅಪ್ಪ ಎಂಬ ಪದ ಬರೆದ ಕೂಡಲೇ ಆ ಜನ ಮತ್ತೆ ಹೇಗೆ ನಗುತ್ತಾರೆ ಎಂಬುದು ಕಿವಿಗೆ ಕೇಳಿಸಿದಂತಾಯಿತು. ಅಳಿಸಿದೆ. ಎರಡೇ ಸಾಲು ಬರೆದು ಕಳಿಸಿದೆ: ಈ ಐವರು ಯಾರೋ ನನಗೆ ಗೊತ್ತಿಲ್ಲ. ಇವರಿಗೂ ನನಗೂ ಯಾವ ಸಂಬಂಧವೂ ಇಲ್ಲ.

ಮರುದಿನ ಬೆಳಿಗ್ಗೆ ನನ್ನ ಖಾತೆ ತೆರೆದಿತ್ತು. ನನ್ನ ಸಾಲು ಎಲ್ಲ ಉತ್ತರಗಳ ಕೆಳಗೂ ಮೊದಲಿನಂತೆ ಬಂದು ಕೂತಿತ್ತು. ಮಧ್ಯಾಹ್ನ ಅಪ್ಪನ ಫೋನು.

"ನೋಡ್ದೆ ಕಣಮ್ಮಾ. ಮತ್ತೆ ಓಪನ್ ಮಾಡಿದ್ದಾರೆ ನಿಂದು."

ಆ ಎರಡು ವಾರವೂ ದಿನಾ ಊಟದ ಬಿಡುವಿನಲ್ಲಿ ಅವರು ಅಲ್ಲಿಗೆ ಹೋಗಿ ನೋಡುತ್ತಿದ್ದರೆಂದು ನನಗೆ ಗೊತ್ತೇ ಇರಲಿಲ್ಲ.

"ಅಪ್ಪಾ, ಅಲ್ಲಿ ನಾನು ಬರೆದದ್ದು..."

"ಓದ್ದೆ. ಡ್ರಾಫ್ಟ್ ಚೆನ್ನಾಗಿದೆ. ಚಿಕ್ಕದಾಗಿದೆ, ಅನುಮಾನಕ್ಕೆ ಜಾಗ ಇಲ್ಲ. ಮಿಕ್ಕ ನಾಲ್ಕು ಜನಕ್ಕೆ ನಾನು ಹೇಳಿಲ್ಲ, ನೀನೂ ಹೇಳ್ಬೇಡ."

ಸಿಟ್ಟು ನೆತ್ತಿಗೇರಿತು, ಯಾರ ಮೇಲೆ ಎಂದು ಈ ಸಲ ಚೆನ್ನಾಗಿ ಗೊತ್ತಿತ್ತು. "ಬೈಯಿರಿ ಅಪ್ಪಾ. ಬಾಯಿಗೆ ಬಂದ ಹಾಗೆ ಬೈಯಿರಿ ನನ್ನ."

"ಯಾಕೆ ಬೈಲಿ? ಕೆಲಸ ಆಯ್ತಲ್ಲ." ಹಿಂದಿನಿಂದ ಯಾರೋ ಅವರನ್ನು ಕರೆದರು, ಬಂದೆ ಬಂದೆ ಎಂದು ಅವರಿಗೆ ಹೇಳಿ ಮತ್ತೆ ನನ್ನ ಕಡೆ ತಿರುಗಿ ಕೇಳಿದರು, "ಊಟ ಮಾಡಿದ್ಯಾ?"

ಮಾಡಿದೆ ಎಂದೆ. ಮಾಡಿರಲಿಲ್ಲ.