ಹತ್ತು ನಿಮಿಷದ ಪ್ರವಾಸಿ

ಇಪ್ಪತ್ತೆಂಟು ವರ್ಷ ಮೈಸೂರು–ವಿರಾಜಪೇಟೆ ಬಸ್ಸಿನ ಕಂಡಕ್ಟರಾಗಿದ್ದು ನಿವೃತ್ತರಾದ ಸಣ್ಣಸ್ವಾಮಿಯವರಿಗೆ ವಿರಾಜಪೇಟೆಯೆಂದರೆ ಬಸ್‌ಸ್ಟ್ಯಾಂಡು, ಒಂದು ಟೀ, ಹತ್ತು ನಿಮಿಷ, ಅಷ್ಟೆ. ಅದರಾಚೆಯ ಊರನ್ನು ನೋಡೋಣವೆಂದು ಹೆಂಡತಿ ವನಜಮ್ಮನೊಡನೆ ಈಗ ಬಂದಿದ್ದಾರೆ, ಆದರೆ ಆ ಹತ್ತು ನಿಮಿಷ ಅವರನ್ನು ಬಿಟ್ಟಿಲ್ಲ. ಗಡಿಯಾರ ಕಂಬದ ಮುಂದೆ ನಿಂತರೆ ಕಂಬ ನೋಡುವುದಿಲ್ಲ, ಟೈಮು ನೋಡುತ್ತಾರೆ. ಹಳೆಯ ಚರ್ಚಿನಲ್ಲಿ ವನಜಮ್ಮ ಬಣ್ಣದ ಗಾಜುಗಳತ್ತ ಕತ್ತೆತ್ತುವಷ್ಟರಲ್ಲಿ ಇವರು ಬಾಗಿಲಲ್ಲಿ ನಿಂತು, "ಎಲ್ಲಾರೂ ಆಯ್ತಾ? ಹೋಗಣಾ?" ಎಂದು ಖಾಲಿ ಬೆಂಚುಗಳನ್ನೂ ಸೇರಿಸಿ ಕೇಳುತ್ತಾರೆ. ಸಂತೆಯ ನೂಕುನುಗ್ಗಲಿನಲ್ಲಿ "ಮುಂದೆ ಹೋಗಿ, ಮುಂದೆ ಜಾಗ ಇದೆ" ಎನ್ನುತ್ತಾರೆ. ಆಶ್ಚರ್ಯವೆಂದರೆ ಜನ ಹೋಗುತ್ತಾರೆ ಕೂಡ. ಬಸ್‌ಸ್ಟ್ಯಾಂಡಿನ ಎದುರಿನ ತಂಗಮ್ಮನ ಹೋಟೆಲಿನ ಬೋರ್ಡನ್ನು ಅಷ್ಟೂ ವರ್ಷ ಓದಿದ್ದರು, ಒಳಗೆ ಕಾಲಿಟ್ಟಿದ್ದು ಇವತ್ತೇ. "ಕಡಂಬುಟ್ಟು ಬೇಯ್ತಾ ಉಂಟು, ಸ್ವಲ್ಪ ಕೂತ್ಕೊಳಿ" ಎಂದರು ತಂಗಮ್ಮ. ಸಣ್ಣಸ್ವಾಮಿ ಮೂರು ಸಲ ಕೂತು ನಾಲ್ಕು ಸಲ ಎದ್ದರು. ಕೊನೆಗೂ ಅಕ್ಕಿತರಿಯ ಬಿಸಿ ಉಂಡೆಗಳು ತಟ್ಟೆಗೆ ಬಂದು, ಒಂದನ್ನು ಮುರಿದು ಬಾಯಿಗಿಡಬೇಕು, ಎದುರಿಗೆ ಮೈಸೂರು ಬಸ್ಸು ಹಾರ್ನ್ ಹೊಡೆಯಿತು. ತುತ್ತು ಹಿಡಿದುಕೊಂಡೇ ಬಾಗಿಲಿಗೆ ಓಡಿದರು. "ನೀವಿಲ್ದೆ ಇದ್ರೂ ಹೋಗುತ್ತೆ ಅದು. ಬಂದು ತಿನ್ನಿ" ಎಂದರು ವನಜಮ್ಮ ಮೆತ್ತಗೆ. ಸಣ್ಣಸ್ವಾಮಿಯವರ ಎಡಗೈ, ಬಸ್ಸಿಗೆ ರೈಟ್ ಕೊಡುವಂತೆ, ತನ್ನಷ್ಟಕ್ಕೆ ತಾನೇ ಹೋಟೆಲಿನ ಬಾಗಿಲನ್ನು ಎರಡು ಸಲ ಪಟಪಟನೆ ಬಡಿಯಿತು. ಬಸ್ಸು ಹೊರಟುಹೋಯಿತು, ಹೋಟೆಲು ಇದ್ದಲ್ಲೇ ಇತ್ತು.